ಸಿಂದಗಿಯ ರಿಂಕ್ ಮತ್ತು ಎಡಗಾಲಿನ ಸಪ್ಪಳ

ಹೆಂಡತಿಯನ್ನು ಯಾರಾದರೂ ಮುಖ ನೋಡಿ ಗುರುತಿಸಿದರೆ ನನ್ನ ತಕರಾರಿಲ್ಲ. ದನಿ ಕೇಳಿ ಗುರುತಿಸಿದರೂ ಸಹಿಸಿಕೊಳ್ಳಬಹುದು. ಆದರೆ ಬೆನ್ನು ತಿರುಗಿಸಿ ಕೂತ ಗಂಡಸೊಬ್ಬ, ಬರೀ ಹೆಜ್ಜೆ ಸಪ್ಪಳದಿಂದ ಅವಳ ಗುರುತು ಹಿಡಿದರೆ ಗಂಡನಾದವನು ಏನು ಮಾಡಬೇಕು? ನೀವೇ ಹೇಳಿ.

ಕಳೆದ ವಾರ ಸಿಂದಗಿಯಲ್ಲಿ ಮದುವೆ ಇತ್ತು. ನನ್ನ ಹೆಂಡತಿ ಕಸ್ತೂರಿಗೆ ಅದು ತವರೂರು, ಮದುಮಗಳು ಅವಳ ತಮ್ಮನ ಮೊಮ್ಮಗಳು. ನಾವು ಬೇಗ ಹೋಗಿದ್ದೆವು. ಮಂಗಲ ಕಾರ್ಯಾಲಯ ಇನ್ನೂ ಖಾಲಿ ಇತ್ತು, ವಾಲಗದವರು ಹೊರಗೆ ಚಹಾ ಕುಡಿಯುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆವು. ಮುಂದಿನ ಸಾಲಿನಲ್ಲಿ, ನಮಗೆ ಬೆನ್ನು ಮಾಡಿಕೊಂಡು, ಬಿಳಿ ಜುಬ್ಬಾ ಹಾಕಿದ ಹಿರಿಯರೊಬ್ಬರು ಕೂತಿದ್ದರು. ಕಸ್ತೂರಿ ನಾಲ್ಕಾರು ಹೆಜ್ಜೆ ಇಟ್ಟಿರಬೇಕು. ಆತ ಹಿಂತಿರುಗಿ ನೋಡಲೇ ಇಲ್ಲ. ಕೂತಲ್ಲಿಂದಲೇ ಕೇಳಿದರು.

"ಕಸ್ತೂರಿಬಾಯಾರು ಬಂದ್ರೇನು? ಎಡಗಾಲ ಇನ್ನೂ ಎಳೀತೀರಲ್ರಿ."

ಕಸ್ತೂರಿ ನಿಂತಳು. ಆಮೇಲೆ ನಕ್ಕಳು. ಆ ನಗು ನಮ್ಮ ಮನೆಯಲ್ಲಿ ಕೇಳಿ ಎಷ್ಟು ವರ್ಷವಾಯಿತೋ.

"ಮಾಸ್ತರ, ನೀವೇನ್ರಿ?" ಅಂದಳು.

ಮಾಸ್ತರ. ಶಂಕರ ಮಾಸ್ತರ. ಇಂಡಿಯವರು. ಗಂಡಿನ ಅಜ್ಜ ಇಂಡಿಯವರು ಅಂತ ನನಗೆ ಮೊದಲೇ ಗೊತ್ತಿತ್ತು. ಆದರೆ ಇಂಡಿ ತಾಲೂಕು ಎಷ್ಟು ದೊಡ್ಡದು, ಅಲ್ಲಿ ಎಷ್ಟೊಂದು ಅಜ್ಜಂದಿರಿದ್ದಾರೆ. ಅಷ್ಟು ಜನರಲ್ಲಿ ನಮಗೆ ಬೀಗರಾಗಿ ಇವರೇ ಸಿಗಬೇಕಿತ್ತೆ?

(ಕಸ್ತೂರಿ ಬರುತ್ತಾಳೆಂದು ಯಾರೋ ಅವರಿಗೆ ಮೊದಲೇ ಹೇಳಿರಬೇಕು ಅಂತ ನನ್ನ ಗುಮಾನಿ. ಅದನ್ನು ನಾನು ಬಿಡುವವನಲ್ಲ.)

ನಿಮಗೊಂದು ವಿಷಯ ಹೇಳಬೇಕು. ಆ ಎಡಗಾಲಿಗೆ ಎಕ್ಸ್‌ರೇ ತೆಗೆಸಿದವನು ನಾನು. ವಿಜಯಪುರದ ಮೊಣಕಾಲು ಡಾಕ್ಟರ ಬಾಗಿಲು ತಿರುಗಿದವನು ನಾನು. ಎಣ್ಣೆ ತಿಕ್ಕಿದವನೂ ನಾನೇ. ಮೊನ್ನೆಮೊನ್ನೆ ವಯಸ್ಸಿನಿಂದ ಬಂದ ನೋವು ಅಂತ ತಿಳಿದಿದ್ದೆ. ಅವಳು ಹುಡುಗಿಯಾಗಿದ್ದಾಗಿನಿಂದಲೂ ಎಡಗಾಲು ಎಳೆಯುತ್ತಾಳೆ ಎಂದು ನನಗೆ ಹೇಳಲು ಇಂಡಿಯಿಂದ ಒಬ್ಬ ಮುದುಕ ಬರಬೇಕಾಯಿತು.

ಇದು ಅರ್ಥವಾಗಬೇಕಾದರೆ ನೀವು ಸಿಂದಗಿಯ ಸ್ಕೇಟಿಂಗ್ ರಿಂಕಿನ ಕತೆ ಕೇಳಬೇಕು. ಹೌದು, ಎಪ್ಪತ್ತರ ದಶಕದಲ್ಲಿ ಸಿಂದಗಿಯಲ್ಲಿ ಸ್ಕೇಟಿಂಗ್ ರಿಂಕ್ ಇತ್ತು. ನಾವು ಮೊನ್ನೆ ಜಿಲೇಬಿ ತಿಂದ ಮಂಗಲ ಕಾರ್ಯಾಲಯವೇ ಆ ರಿಂಕು.

ಅದಕ್ಕೂ ಮೊದಲು ಅದು ನನ್ನ ಸೋದರಮಾವ ಚನ್ನಬಸಪ್ಪನ ಹತ್ತಿ ಗಿರಣಿ. ಚನ್ನಬಸಪ್ಪ ಎಂದರೆ ಕಸ್ತೂರಿಯ ಅಪ್ಪ. ಗಿರಣಿ ನಿಂತಿತು, ಮಷಿನ್ನುಗಳು ಹೋದವು, ತಗಡಿನ ಮಾಡು ಮತ್ತು ಕಂಬಗಳು ಉಳಿದವು. ಮಾವ ಒಮ್ಮೆ ಪುಣೆಗೆ ಯಾರದೋ ಮದುವೆಗೆ ಹೋದ. ಅಲ್ಲಿ ಹುಡುಗರು ಕಾಲಿಗೆ ಗಾಲಿ ಕಟ್ಟಿಕೊಂಡು ದೊಡ್ಡ ಹಾಲಿನೊಳಗೆ ಸುತ್ತು ಹಾಕುವುದನ್ನು ಕಂಡ. ಬರುವಾಗ ಎರಡು ಗೋಣಿಚೀಲ ತುಂಬ ಗಾಲಿಬೂಟು ತಂದ. ಜೊತೆಗೆ, ಕಲಿಸುವ ಮಾಸ್ತರನಾಗಿ, ಅಲ್ಲಿ ಕೆಲಸಕ್ಕಿದ್ದ ಇಂಡಿಯ ಹುಡುಗ ಶಂಕರನನ್ನೂ ತಂದ. ಗಾಲಿಬೂಟು ತಂದದ್ದಕ್ಕೆ ನನ್ನ ಆಕ್ಷೇಪಣೆ ಇರಲಿಲ್ಲ.

ನಾನಾಗ ಬಾಗೇವಾಡಿಯಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುತ್ತಿದ್ದೆ. ಸೋದರಮಾವನ ಮಗಳು ಎಂದರೆ ನಮ್ಮ ಕಡೆ ಅರ್ಧ ಮದುವೆ ಆದಂತೆಯೇ. ಕಸ್ತೂರಿ ರಾಚಪ್ಪನಿಗೆ ಅಂತ ಅವ್ವ ಎಂದೋ ಹೇಳಿಬಿಟ್ಟಿದ್ದಳು. (ರಾಚಪ್ಪ ನಾನು.) ಹೇಳಿದ್ದೇನೋ ಸರಿ, ಆದರೆ ಕಸ್ತೂರಿಯನ್ನು ಯಾರೂ ಕೇಳಿರಲಿಲ್ಲ.

ರಿಂಕಿಗೆ ಮಾವ ಮೊದಲು ಶಹಾಬಾದ್ ಕಲ್ಲಿನ ಫರಸಿ ಹಾಸಿಸಿದ. ಫರಸಿಯ ಸಂದಿಗೆ ಗಾಲಿ ಸಿಕ್ಕಿ ಶಂಕರ ಮುಗ್ಗರಿಸಿದ. ಫರಸಿಯ ಮೇಲೆ ಸಿಮೆಂಟು ಹಾಕಿಸಿದ. ತಿಂಗಳುಗಟ್ಟಲೆ ತಿಕ್ಕಿಸಿದ. ಕೊನೆಗೆ ಬಗ್ಗಿ ನೋಡಿದರೆ ಮುಖ ಕಾಣುವಷ್ಟು ನುಣುಪಾಯಿತು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನಲ್ಲಿ ಅದೇ ಮಾತು. ನಮ್ಮ ಬಾಗೇವಾಡಿಯವರಿಗೆ ಊಟ ಸೇರಲಿಲ್ಲ. ಸಿಂದಗಿಯಲ್ಲಿ ಅಂಥದ್ದೇನಿದೆ ಅಂತ ಅಲ್ಲಿ ರಿಂಕ್ ಆಗಬೇಕು?

ಮುದ್ದೇಬಿಹಾಳದವರ ಕತೆ ಬೇರೆ. ಅಲ್ಲೊಬ್ಬ ಶಾಲಾ ಮಾಸ್ತರರು, ಸ್ಕೇಟಿಂಗ್ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಆಟ ಅಂತ ಯಾವುದೋ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಓದಿ ಊರಿಗೆಲ್ಲ ಹೇಳಿದ್ದರು. ತಾಳಿಕೋಟೆ ಮೇಲೆ ಬಸ್ಸು ಹಿಡಿದು ಒಂದು ದಂಡೇ ಬಂದಿಳಿಯಿತು. ಸಿಂದಗಿಯ ಬೇಸಿಗೆ. ಬಂದವರೆಲ್ಲ ಕಿವಿಗೆ ಮಫ್ಲರ್ ಸುತ್ತಿದ್ದರು, ಕೂಸುಗಳಿಗೆ ಕಂಬಳಿ ಹೊದಿಸಿದ್ದರು.

"ಬರ್ಫ ಎಲ್ಲೈತ್ರಿ ಸಾವ್ಕಾರ್ರ?" ಅಂದರು.

"ಬರ್ಫ ಇಲ್ರಿ, ಸಿಮಿಟ್ಟ ಐತಿ," ಅಂದ ಮಾವ.

"ಸಿಮಿಟ್ಟ ನಮ್ಮೂರಾಗೂ ಐತಿ. ನಾವು ಬರ್ಫ ನೋಡಾಕ ಬಂದೇವಿ."

ಮಾವ ಐಸ್‌ಕ್ಯಾಂಡಿಯವನನ್ನು ಕರೆಸಿ ಎಲ್ಲರ ಕೈಗೂ ಒಂದೊಂದು ಕೊಡಿಸಿ ಮರ್ಯಾದೆ ಉಳಿಸಿಕೊಂಡ. ಆ ಶಾಲಾ ಮಾಸ್ತರರು ಹೋಗುವಾಗ ಇನ್ನೊಂದು ಸುದ್ದಿ ಹೇಳಿದರು. ಫಾರಿನ್ನಿನಲ್ಲಿ ಮಂಜುಗಡ್ಡೆಯ ಮೇಲೆ ದುಂಡನೆ ಕಲ್ಲು ಜಾರಿಸಿ ಬಿಡುತ್ತಾರಂತೆ, ಅದರ ಮುಂದೆ ಗಂಡಸರು ಕಸಬರಿಗೆ ಹಿಡಿದು ಗುಡಿಸುತ್ತಾ ಓಡುತ್ತಾರಂತೆ. ಅದೂ ಒಂದು ಆಟವಂತೆ.

ನನ್ನ ಅತ್ತೆ, ಎಂದರೆ ಮಾವನ ಹೆಂಡತಿ, ಮೂಗಿನ ಮೇಲೆ ಬೆರಳಿಟ್ಟಳು. "ಗಂಡಸ್ರು ಕಸಾ ಹೊಡೀತಾರಂದ್ರ ಛಲೋ ಊರ ಬಿಡ್ರಿ ಅದು," ಅಂದಳು.

ಇಂಥ ಅತ್ತೆಯೇ ಉದ್ಘಾಟನೆಯ ದಿನ ಅನಾಹುತ ಮಾಡಿದ್ದು. ಊರ ಹಿರಿಯರೆಲ್ಲ ಬರುವವರಿದ್ದರು. ಪೂಜೆ ಆಗಬೇಕಿತ್ತು. ಬೆಳಿಗ್ಗೆ ಅತ್ತೆ ಬಂದು ನೋಡುತ್ತಾಳೆ, ಬೋಳು ಸಿಮೆಂಟು. ಬರೀ ನೆಲದ ಮೇಲೆ ಪೂಜೆ ಹೇಗೆ? ಓಣಿಯ ನಾಲ್ಕು ಹೆಂಗಸರನ್ನು ಕರೆದಳು. ತಿಂಗಳುಗಟ್ಟಲೆ ತಿಕ್ಕಿದ ನೆಲವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಚೊಕ್ಕಟವಾಗಿ ಸಗಣಿಯಿಂದ ಸಾರಿಸಿದರು. ಮೇಲೆ ರಂಗೋಲಿ.

ಶಂಕರ ಬಿಳಿ ಪ್ಯಾಂಟು ಹಾಕಿಕೊಂಡು ಬಂದ. ಕಾಯಿ ಒಡೆಯಿತು. ಹಿರಿಯರು ಚಪ್ಪಾಳೆ ತಟ್ಟಿದರು. ಅವನು ಒಂದು ಕಾಲು ಎತ್ತಿ, ಕೈ ಚಾಚಿ, ಬಾಣದ ಹಾಗೆ ಹೊರಟ. ಇನ್ನೂ ಪೂರ್ತಿ ಒಣಗಿರದ ಸಗಣಿಯಲ್ಲಿ ಎರಡನೇ ಕಂಬದ ಹತ್ತಿರ ಜಾರಿದವನು ಐದನೇ ಕಂಬದ ಹತ್ತಿರ ನಿಂತ. ಕೂತೇ ನಿಂತ. ಬಿಳಿ ಪ್ಯಾಂಟಿನ ಹಿಂಭಾಗ ಹಸಿರಾಗಿತ್ತು.

ನನಗೆ ಆದ ಸಂತೋಷವನ್ನು ಯಾಕೆ ಮುಚ್ಚಿಡಲಿ? ಹೊಟ್ಟೆ ತಣ್ಣಗಾಯಿತು.

ಆದರೆ ಅವನು ಎದ್ದ. ನಕ್ಕ. ಗಾಲಿಬೂಟಿನ ಮೇಲೇ ಸಾವಕಾಶ ಅತ್ತೆಯ ಬಳಿಗೆ ಬಂದು ಕೈ ಮುಗಿದ.

"ಅವ್ವಾರ, ಭಾಳ ಛಲೋ ಸಾರಿಸೀರಿ. ಪುಣೇದಾಗೂ ಇಂಥಾ ನೆಲಾ ಇಲ್ರಿ."

ಸಭೆಗೆ ಸಭೆಯೇ ಅವನ ಕಡೆಗಾಯಿತು. ಅತ್ತೆಯಂತೂ ಅವನನ್ನು ಮನೆಗೆ ಕರೆದು ಹೋಳಿಗೆ ಬಡಿಸಿದಳು. ಬಿದ್ದೂ ಗೆಲ್ಲುವ ಮನುಷ್ಯನ ಜೊತೆ ಯಾರು ಪೈಪೋಟಿ ಮಾಡಬೇಕು? ಕಸ್ತೂರಿ ಕಿಟಕಿಯ ಆಚೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ, ಮರುಗುತ್ತಿದ್ದಳೋ ತಿಳಿಯಲಿಲ್ಲ. ಎರಡೂ ನನಗೆ ಬೇಕಿರಲಿಲ್ಲ.

ಮುಂದೆ ಇನ್ನೊಂದು ಪಂಚಾಯ್ತಿ ಶುರುವಾಯಿತು. ಗಿರಣಿಯ ಗೂಡಿನಲ್ಲಿ ಲಕ್ಷ್ಮಿಯ ಫೋಟೋ ಇತ್ತು. ಪೂಜೆ ಆದ ನೆಲ. ಅದರ ಮೇಲೆ ಕಾಲಲ್ಲಿ ಮೆಟ್ಟು ಹಾಕಿಕೊಂಡು ಓಡಾಡಬಹುದೆ? ಹಿರಿಯರು ಕೂತರು. ಗಾಲಿಬೂಟು ಚಪ್ಪಲಿಯೋ, ಗಾಡಿಯೋ? ಚಪ್ಪಲಿಯಾದರೆ ಬಾಗಿಲಾಚೆ, ಗಾಡಿಯಾದರೆ ಒಳಗೆ. ನಾನು ಎದ್ದು ನಿಂತು, ಕಾಲಿಗೆ ಹಾಕಿಕೊಂಡದ್ದೆಲ್ಲ ಚಪ್ಪಲಿಯೇ ಅಂತ ವಾದಿಸಿದೆ. (ಲಕ್ಷ್ಮಿಯ ಮೇಲಿನ ಭಕ್ತಿಯಿಂದ ಅಲ್ಲ ಎಂದು ನೀವು ಊಹಿಸಿರುತ್ತೀರಿ.) ಮಾವ ತೀರ್ಪು ಕೊಟ್ಟ.

"ಗಾಲಿ ಐತಿ ಅಂದ್ರ ಗಾಡಿ. ಮುಗೀತು."

ಆ ವರ್ಷ ಮಾನೌಮಿಯ ಆಯುಧಪೂಜೆಗೆ ಎತ್ತಿನ ಬಂಡಿ, ಸೈಕಲ್ಲುಗಳ ಸಾಲಿನಲ್ಲೇ ಗಾಲಿಬೂಟುಗಳಿಗೂ ಕುಂಕುಮ ಹಚ್ಚಿ ಚೆಂಡುಹೂ ಇಟ್ಟರು. ನಾನು ಕೈ ಮುಗಿಯಲಿಲ್ಲ.

ಗಂಡಸರು, ಹುಡುಗರು ಎಲ್ಲ ಸುತ್ತು ಹಾಕಿದ ಮೇಲೆ ಕಸ್ತೂರಿ ಹಟ ಹಿಡಿದಳು. ನಾನೂ ಕಲಿಯುತ್ತೇನೆ ಎಂದಳು. ಮಾವನಿಗೆ ಇರುವವಳು ಒಬ್ಬಳೇ ಮಗಳು, ಇಲ್ಲ ಅನ್ನುವ ಧೈರ್ಯ ಅವನಿಗಿರಲಿಲ್ಲ. ಕೊನೆಗೆ ಗುರುವಾರ ಮಧ್ಯಾಹ್ನ ಹೆಣ್ಣುಮಕ್ಕಳ ಪಾಳಿ ಅಂತಾಯಿತು. ಷರತ್ತು ಒಂದೇ. ಆ ಹೊತ್ತಿನಲ್ಲಿ ಗಂಡಸರು ಒಳಗೆ ಬರುವಂತಿಲ್ಲ, ಮಾಸ್ತರನೂ ಬರುವಂತಿಲ್ಲ. ಬಾಗಿಲಿಗೆ ಗೋಣಿತಟ್ಟಿನ ಪರದೆ ಕಟ್ಟಿದರು. ಶಂಕರ ಪರದೆಯ ಆಚೆ ಹತ್ತಿ ತುಂಬಿದ ಹಳೇ ಮೂಟೆಯ, ಅಂದರೆ ಅಂಡಿಗೆಯ ಮೇಲೆ ಕೂತು, ಕೂಗಿ ಹೇಳಬೇಕು. ಹುಡುಗಿಯರು ಒಳಗೆ ಕೇಳಿಸಿಕೊಂಡು ಕಲಿಯಬೇಕು.

ನೋಡದೆ ಕಲಿಸುವ ಸ್ಕೇಟಿಂಗನ್ನು ನೀವು ಬೇರೆ ಎಲ್ಲಾದರೂ ಕೇಳಿದ್ದೀರಾ?

ಸುದ್ದಿ ಬಾಗೇವಾಡಿ ಮುಟ್ಟಿತು. ಮುಂದಿನ ಗುರುವಾರ ಅಂಗಡಿಯನ್ನು ಅಪ್ಪನ ಕೊರಳಿಗೆ ಹಾಕಿ, ಹಿಪ್ಪರಗಿ ಮೇಲಿನ ಬಸ್ಸು ಹತ್ತಿದೆ. ಪರದೆಯ ಕಾವಲಿಗೆ ಮನೆಯವರೊಬ್ಬರು ಇರುವುದು ಒಳ್ಳೆಯದು ಅಂತ ಮಾವನಿಗೆ ಹೇಳಿದೆ. ಮಾವ ನನ್ನ ಮುಖ ನೋಡಿ ಮೀಸೆಯಲ್ಲೇ ನಕ್ಕು, ಹೂಂ ಅಂದ. ಅಲ್ಲಿಂದ ಪ್ರತಿ ಗುರುವಾರ ಅಂಡಿಗೆಯ ಮೇಲೆ ಶಂಕರ, ಪಕ್ಕದಲ್ಲಿ ನಾನು.

ಒಳಗೆ ಗಾಲಿಗಳ ಸದ್ದು. ನನಗೆ ಎಲ್ಲವೂ ಒಂದೇ. ಜೋಳ ಬೀಸುವಾಗ ಬರುತ್ತದಲ್ಲ, ಅದೇ ಗರಗರ. ಶಂಕರ ಮಾತ್ರ ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ ಕೂರುತ್ತಿದ್ದ. "ನೀಲವ್ವಾರ, ಮೊಣಕಾಲ ಮಡಚ್ರಿ," ಅನ್ನುತ್ತಿದ್ದ. "ಶಾಂತಾಬಾಯಿ, ಗ್ವಾಡಿ ಬಂತು, ನಿಲ್ರಿ." ಅವಳು ಗೋಡೆಗೆ ಬಡಿದ ಸದ್ದು ಆಮೇಲೆ ಬರುತ್ತಿತ್ತು. ಮತ್ತೆ ದನಿ ತುಸು ಇಳಿಸಿ ಹೇಳುತ್ತಿದ್ದ.

"ಕಸ್ತೂರಿಬಾಯಾರ, ಎಡಗಾಲ ಎಳೀಬ್ಯಾಡ್ರಿ."

ಅದು ಗಾಲಿಬೂಟಿನ ಮಾತು, ಕಾಲಿನದಲ್ಲ ಅಂತ ನಾನಾಗ ತಿಳಿದಿದ್ದೆ. ಆದರೆ ದನಿ ಯಾಕೆ ಇಳಿಸಬೇಕು? ನೀಲವ್ವನಿಗೆ ಕೂಗುವವನು ಇವಳಿಗೆ ಯಾಕೆ ಮೆಲ್ಲಗೆ ಹೇಳಬೇಕು? ಒಮ್ಮೆ ಕೇಳಿಯೇಬಿಟ್ಟೆ.

"ಆಕೀನ ಅಂತ ನಿಮಗ ಹೆಂಗ ಗೊತ್ತಾಗತೈತಿ?"

"ಸಪ್ಪಳದಾಗ ಗೊತ್ತಾಗತೈತ್ರಿ. ನಿಮಗ ಗೊತ್ತಾಗಂಗಿಲ್ಲೇನು?"

ನನಗೆ ಗೊತ್ತಾಗುತ್ತಿರಲಿಲ್ಲ. ಕಿವಿಗೊಟ್ಟು ಕೇಳಿದೆ. ಗುರುವಾರದ ಮೇಲೆ ಗುರುವಾರ ಕೇಳಿದೆ. ಗರಗರ. ನಾನು ಮದುವೆಯಾಗಬೇಕಾದ ಹುಡುಗಿ ಆ ಗರಗರದೊಳಗೆ ಎಲ್ಲಿದ್ದಾಳೆಂದು ಪಕ್ಕದಲ್ಲಿ ಕೂತ ಪರಪುರುಷನಿಗೆ ಗೊತ್ತು, ನನಗಿಲ್ಲ. ಅವನು ಅವಳನ್ನು ಕಣ್ಣೆತ್ತಿ ನೋಡಿದ್ದರೆ ಜಗಳ ತೆಗೆಯಬಹುದಿತ್ತು. ಕೈ ಹಿಡಿದಿದ್ದರೆ ಹಿರಿಯರನ್ನು ಕೂಡಿಸಬಹುದಿತ್ತು. ಕಿವಿಯಿಂದ ಕೇಳಿದ್ದಕ್ಕೆ ಯಾವ ಪಂಚಾಯ್ತಿ?

ಆ ದಿನಗಳಲ್ಲೇ ನಾನು ಇಂಡಿಯ ನಿಂಬೆಹಣ್ಣಿನ ಉಪ್ಪಿನಕಾಯಿ ಬಿಟ್ಟೆ. ಇವತ್ತಿಗೂ ತಿನ್ನುವುದಿಲ್ಲ.

ಅವ್ವ ಅವಸರ ಮಾಡಿದಳು. ಮಾವ ಮಗಳನ್ನು ಕೇಳಿದ. ಕಸ್ತೂರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನಗೂ ಕೇಳಿಸುವ ಹಾಗೆ ಹೇಳಿದಳು.

"ರಾಚಮಾವ ಬೀಳದಂಗ ಒಂದ ಸುತ್ತ ಹಾಕಲಿ. ಆಮ್ಯಾಲ ಹೇಳ್ತೇನಿ."

ಬಾಗೇವಾಡಿ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಕೂತವನಿಗೆ ಗಾಲಿ. ಬೇರೆ ದಾರಿ ಇರಲಿಲ್ಲ. ಮರುದಿನ ಸಂಜೆ ಅರ್ಧ ಸಿಂದಗಿ ಸೇರಿತ್ತು. ಯಂಕಂಚಿ, ಮೋರಟಗಿಯಿಂದಲೂ ನೆಂಟರು ಬಂದಿದ್ದರು. ಬೂಟು ಕಟ್ಟಿದವನು ಶಂಕರನೇ. ನನ್ನ ಕಾಲ ಬಳಿ ಕೂತು, ಲಾಡಿ ಬಿಗಿದು, "ಹೆದರಬ್ಯಾಡ್ರಿ, ಕೆಳಗ ನೋಡಬ್ಯಾಡ್ರಿ," ಅಂದ. ಅವನು ಕೊಂಕು ಮಾತಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಎದ್ದೆ. ನೆಲ ನನ್ನ ಕೆಳಗಿನಿಂದ ಹೊರಟುಹೋಯಿತು. ಕೈಗೆ ಎರಡನೇ ಕಂಬ ಸಿಕ್ಕಿತು. ಹಿಡಿದೆ. ಅಷ್ಟೇ.

ಹಾಗೇ ನಿಂತೆ. ಶಂಕರ ದಾರಿ ತೋರಿಸಲು ನನ್ನ ಸುತ್ತ ಒಂದು ಸುತ್ತು ಹಾಕಿದ. ಮತ್ತೊಂದು ಹಾಕಿದ. ಹಿಂದಕ್ಕೆ ಮುಖ ಮಾಡಿ ಹಾಕಿದ. ಜನ ಅವನಿಗೆ ಚಪ್ಪಾಳೆ ತಟ್ಟಿದರು. "ಕಂಬಾ ಬಿಡೋ ರಾಚ್ಯಾ," ಅಂತ ಯಾರೋ ಕೂಗಿದರು. ಬಿಡಲಿಲ್ಲ. ಹೊತ್ತು ಮುಳುಗಿತು, ಜನ ಚದುರಿದರು, ನಾನು ಕಂಬದಲ್ಲೇ ಇದ್ದೆ. ಮಾವ ಬಂದು ಲಾಡಿ ಬಿಚ್ಚಿದ ಮೇಲೆ ನೆಲಕ್ಕೆ ಕಾಲಿಟ್ಟೆ. ಬಿದ್ದಿರಲಿಲ್ಲ, ನಿಜ. ಸುತ್ತೂ ಹಾಕಿರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಮಾವ ಒಳಗೆ ತಿರುಗಿ, "ಏನಂತೀವಾ?" ಅಂದ. ಒಳಗಿನಿಂದ ಕಸ್ತೂರಿ, "ಹೂಂ," ಅಂದಳು.

ಯಾಕೆ ಅಂದಳು? ಕೇಳುವ ಧೈರ್ಯ ನನಗೆ ಆವತ್ತೂ ಇರಲಿಲ್ಲ, ಆಮೇಲೂ ಬರಲಿಲ್ಲ. ಸೋದರತ್ತೆಯ ಮಗ ಅಂತಲೋ, ಅಪ್ಪನ ಮಾತಿಗೋ, ಪಾಪ ಅನ್ನಿಸಿಯೋ. ಶಂಕರ ಎಂದಾದರೂ ಕೇಳಿದ್ದರೆ ಏನನ್ನುತ್ತಿದ್ದಳು? ಈ ಪ್ರಶ್ನೆಯ ಜೊತೆ ಸಂಸಾರ ಮಾಡುತ್ತಾ ಬಂದಿದ್ದೇನೆ.

ಮದುವೆ ಎಲ್ಲಿ ಮಾಡಬೇಕು ಅಂದಾಗ ಅತ್ತೆ, ಇಷ್ಟು ಚೊಕ್ಕಟ ನೆಲ ಇರುವಾಗ ಬೇರೆ ಹಂದರ ಯಾಕೆ ಎಂದಳು. ರಿಂಕಿನಲ್ಲೇ ಅಕ್ಕಿಕಾಳು ಬಿದ್ದವು. ನುಣುಪು ನೆಲದ ಮೇಲೆ ಪಂಗತಿ ಕೂತವು. ಬಡಿಸುವವರಿಗೆ ಸಲೀಸಾಯಿತು, ಉಂಡ ಮೇಲೆ ನಾಲ್ಕು ಕೊಡ ನೀರು ಸುರಿದರೆ ನೆಲ ಮತ್ತೆ ಕನ್ನಡಿ. ಉಂಡವರೆಲ್ಲ ಕೈ ತೊಳೆಯುತ್ತಾ ಮಾವನನ್ನು ಕೇಳಿದ್ದು ಒಂದೇ ಮಾತು, ನಮ್ಮ ಮಗಳ ಲಗ್ನಕ್ಕೂ ಕೊಡ್ತೀರೇನು? ಮೊದಮೊದಲು ಮುಹೂರ್ತವಿದ್ದ ದಿನ ಮಾತ್ರ ಸ್ಕೇಟಿಂಗ್ ರಜೆ. ಆಮೇಲೆ ಮುಹೂರ್ತವಿಲ್ಲದ ದಿನ ಮಾತ್ರ ಸ್ಕೇಟಿಂಗ್. ಎಪ್ಪತ್ತರ ದಶಕ ಮುಗಿಯುವುದರೊಳಗೆ ಗಾಲಿಬೂಟುಗಳು ಗೋಣಿಚೀಲ ಸೇರಿ ಅಟ್ಟ ಹತ್ತಿದವು. ಶಂಕರ ಇಂಡಿಗೆ ಹೋಗಿ ಸೈಕಲ್ ಅಂಗಡಿ ಇಟ್ಟನಂತೆ. ಮತ್ತೆ ಗಾಲಿಯೇ.

ಸಿಂದಗಿಯ ಹಳಬರು ಈಗಲೂ ನನ್ನನ್ನು ಕಂಡರೆ, "ನಿಮ್ಮ ಲಗ್ನಾ ಆತು, ನಮ್ಮ ರಿಂಕ್ ಹೋತು," ಅನ್ನುತ್ತಾರೆ. ನಾನು ಗೆದ್ದವನ ಹಾಗೆ ನಗುತ್ತೇನೆ. ಮೊನ್ನೆಯವರೆಗೂ ನಗುತ್ತಿದ್ದೆ.

ಮೊನ್ನೆ ಮದುವೆಯಲ್ಲಿ ಆಯೇರಿಯ ಹೊತ್ತು ಬಂತು. ಬೀಗರಿಗೆ ಬಟ್ಟೆ ಕೊಟ್ಟು, ಹಿರಿಯರ ತಲೆಗೆ ರುಮಾಲು ಸುತ್ತಬೇಕು. ಹೆಣ್ಣಿನ ಕಡೆ ಹಿರಿಯ ಯಾರು? ನಾನು. ಗಂಡಿನ ಕಡೆ? ಹೇಳಬೇಕಾಗಿಲ್ಲ. ಶಂಕರ ಮಾಸ್ತರರ ಕಣ್ಣಿಗೆ ಪೊರೆ ಬಂದಿದೆ. ಬೆನ್ನು ಮಾತ್ರ ನೆಟ್ಟಗಿದೆ. ತಲೆ ತುಂಬ ಕೂದಲು, ಅದೂ ಬೆಳ್ಳಗೆ, ದಟ್ಟಗೆ. ಅಷ್ಟು ಕೂದಲಿನ ಮೇಲೆ ರುಮಾಲು ಸುತ್ತುವುದು ಎಷ್ಟು ಕಷ್ಟ ಎಂದು ಬೋಳುತಲೆಯ ನನಗೆ ಅವತ್ತೇ ತಿಳಿದದ್ದು.

"ಕಂಬ ಅಲ್ಲೇ ಐತಿ ನೋಡ್ರಿ ರಾಚಪ್ಪನವರ," ಅಂದರು ಮೆಲ್ಲಗೆ. ಬಣ್ಣ ಬಳಿದು ಪ್ಲಾಸ್ಟಿಕ್ ಹೂ ಸುತ್ತಿದ್ದರು. ಎರಡನೇ ಕಂಬ. ಅಲ್ಲೇ ಇತ್ತು.

ಅಷ್ಟರಲ್ಲಿ ಹೆಂಗಸರ ಕಡೆ ಗದ್ದಲ. ಒಡಪು ಹೇಳಿಸುತ್ತಿದ್ದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಾಗೆಯೇ ಹೇಳುವುದಿಲ್ಲ, ಎರಡು ಸಾಲಿನ ಒಡಪಿನೊಳಗೆ ಇಟ್ಟು ಹೇಳುತ್ತಾರೆ. ಕಸ್ತೂರಿಯದು ಒಂದೇ ಒಡಪು. ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆ, ಕೊನೆಗೆ ನಾನು. ಯಾವ ಮದುವೆಗೆ ಹೋದರೂ ಅದನ್ನೇ ಹೇಳಿಕೊಂಡು ಬಂದಿದ್ದಾಳೆ. ನನಗೂ ಬಾಯಿಪಾಠ.

"ಅತ್ತೆಮ್ಮಾ, ಹಳೇದ ಬ್ಯಾಡ. ಹೊಸಾದ ಹೇಳ್ರಿ," ಅಂದಳು ಮದುಮಗಳು.

ಕಸ್ತೂರಿ ನೆಲ ನೋಡಿದಳು. ಕಂಬ ನೋಡಿದಳು. ಮಾಸ್ತರರು ಕೂತಿದ್ದ ಕಡೆ ನೋಡಿದಳೇ? ನೋಡಿದಳು ಎಂದೇ ನನ್ನ ಅಭಿಪ್ರಾಯ. ಸೆರಗು ಸರಿಮಾಡಿಕೊಂಡು, ಕಾರ್ಯಾಲಯಕ್ಕೆಲ್ಲ ಕೇಳುವ ಹಾಗೆ ಹೇಳಿದಳು.

"ಗಾಲಿ ಕಟ್ಟಿ ಗಾಳಿಹಂಗ ಹ್ವಾದವರು ಹ್ವಾದರು,
ಕಂಬಾ ಬಿಡದ ನಿಂತ ರಾಚಪ್ಪನವರು ನನ್ನ ಪಾಲಿಗೆ ಬಂದರು."

ಹೆಂಗಸರು ಹೋ ಅಂದರು. ಮಾಸ್ತರರು ತೊಡೆ ತಟ್ಟಿ ನಕ್ಕರು. ಕಂಬ ಹಿಡಿದು ನಿಂತದ್ದಕ್ಕೇ ನಾನು ಒಪ್ಪಿಗೆಯಾದೆ ಅಂತ ಇದರ ಅರ್ಥ ಎಂದು, ನನ್ನ ಕೊರಗು ಬಲ್ಲ ನಮ್ಮ ಸೊಸೆ ನನಗೆ ಬಿಡಿಸಿ ಹೇಳಿದಳು. ಇಷ್ಟು ವರ್ಷ ಕೇಳದ ಪ್ರಶ್ನೆಗೆ ನಾಲ್ಕು ಜನರೆದುರು ಉತ್ತರ ಸಿಕ್ಕಿತು, ಸಂತೋಷಪಡಬೇಕು ಎಂದಳು. ಪಟ್ಟೆ. ಮನೆಗೆ ಬರುವ ದಾರಿಯಲ್ಲಿ ಹಿಪ್ಪರಗಿ ದಾಟುವವರೆಗೂ ಸಂತೋಷಪಟ್ಟೆ. ಪಕ್ಕದಲ್ಲಿ ಕಸ್ತೂರಿ ನಿದ್ದೆ ಹೋಗಿದ್ದಳು, ಎಡಗಾಲು ಚಾಚಿ.

ಹಿಪ್ಪರಗಿ ದಾಟಿದ ಮೇಲೆ ಯೋಚನೆ ಬಂತು. ಒಡಪಿಗೆ ಇರುವುದೇ ಎರಡು ಸಾಲು. ಅದರಲ್ಲಿ ಮೊದಲನೆಯದು ಅವನಿಗೆ ಯಾಕೆ?